ಗೇಟಿನ ಮುಂದೆ ಎರಡು ರೇಸು

ನಮ್ಮ ಕಾರು ಆಯಿಲ್ ಕುಡಿಯೋಕೆ ಶುರು ಮಾಡಿದ ಮೇಲೆ ಮಗಳು ಅದರ ಬೆನ್ನು ಬಿಡಲಿಲ್ಲ.

ಹಳೇ ಕಾರು. ಬಾಡಿಗೆಗೆ ಓಡಿಸಿ ಸಂಸಾರ ಸಾಗಿಸಿದ್ದು ಅದರಲ್ಲೇ, ಹುಟ್ಟಿದ ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದೂ ಅದರಲ್ಲೇ. ಈಗ ಬಾಡಿಗೆ ಬಿಟ್ಟಿದ್ದೇನೆ. ಮಾರುಕಟ್ಟೆಗೆ ಹೋಗಿ ಬರೋದು, ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರೋದು, ಅಷ್ಟೇ. ಅಷ್ಟಕ್ಕೂ ಏರು ಸಿಕ್ಕಿದರೆ ಸಾಕು, ಹಿಂದಿನಿಂದ ನೀಲಿ ಹೊಗೆ. ಹಿಂದೆ ಬರುವವರು ಮೂಗು ಮುಚ್ಚಿಕೊಂಡು ನನ್ನ ವಂಶವನ್ನೆಲ್ಲ ನೆನೆಯುತ್ತಿದ್ದರು.

"ಅಪ್ಪಾ, ಇದು ಕಾರೋ, ಸೊಳ್ಳೆ ಓಡಿಸೋ ಗಾಡಿಯೋ?" ಅಂದಳು ಮಗಳು.

ಅವಳು ನೀರಿನ ಪಂಪು ರಿಪೇರಿ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಪಂಪು ಬಿಚ್ಚಿ ಜೋಡಿಸೋದರಲ್ಲಿ ಕೈ ಪಳಗಿದೆ. ಕಾರಿನ ಇಂಜಿನ್ ಮಾತ್ರ ಒಂದನ್ನೂ ಬಿಚ್ಚಿದವಳಲ್ಲ. ಗುಜರಿ ಅಂಗಡಿಗೆ ನಮ್ಮದೇ ಕಂಪನಿಯ ಕಾರೊಂದು ಬಂದು ಬಿದ್ದಿತ್ತು. ಹಿಂಭಾಗ ಅಪ್ಪಚ್ಚಿ, ಮುಂಭಾಗಕ್ಕೆ ಒಂದು ಗೀರೂ ಇಲ್ಲ. ಅದರ ಇಂಜಿನ್ ತಂದು, ಪೂರ್ತಿ ಬಿಚ್ಚಿ, ಹೊಸ ರಿಂಗು, ಹೊಸ ಬೇರಿಂಗು ಹಾಕಿ ಸಜ್ಜು ಮಾಡಿಟ್ಟುಕೊಳ್ಳೋದು. ಆಮೇಲೆ ನಮ್ಮದನ್ನು ಇಳಿಸಿ ಇದನ್ನು ಕೂರಿಸೋದು. ಅಲ್ಲಿಯವರೆಗೆ ಹಳೆಯದು ಹೊಗೆ ಬಿಟ್ಟುಕೊಂಡೇ ಓಡಲಿ. ಇದು ಅವಳ ಯೋಚನೆ.

ಗುಜರಿಯವನಿಗೆ ನಗು ತಡೆಯಲಿಲ್ಲ. "ಏನಣ್ಣಾ, ಇಂಜಿನ್ನನ್ನ ಮಗಳ ಕೈಗೆ ಕೊಡ್ತೀಯಾ?"

"ನನ್ನನ್ನೇ ಅವಳ ಕೈಗೆ ಕೊಟ್ಟಾಗಿದೆ ಕಣಪ್ಪ, ಇಂಜಿನ್ ಯಾವ ಲೆಕ್ಕ" ಅಂದೆ.

ಶೆಡ್ಡಿನ ನೆಲದ ಮೇಲೆ ಮಗಳು ಸೀಮೆಸುಣ್ಣದಲ್ಲಿ ಚಿತ್ರ ಬರೆದಳು. ಬಾನೆಟ್ಟಿನ ಒಳಗೆ ಇಂಜಿನ್ ಎಲ್ಲಿ ಕೂರುತ್ತೆ, ರೇಡಿಯೇಟರು ಎಷ್ಟು ದೂರ, ಯಾವ ಪೈಪು ತಿರುಚಿಕೊಂಡು ಬರಬೇಕು, ಎಲ್ಲ. ನಾವು ಅದನ್ನು ತುಳಿಯದೆ ಸುತ್ತು ಹಾಕಿಕೊಂಡು ಓಡಾಡಬೇಕಿತ್ತು. ದಪ್ಪ ರಟ್ಟಿನ ಮೇಲೆ ಇಂಜಿನ್ನಿನ ಆಕಾರ ಬರೆದು, ತೂತು ಮಾಡಿ, ಬಿಚ್ಚಿದ ಬೋಲ್ಟನ್ನು ಅದರದರ ಜಾಗದಲ್ಲೇ ಚುಚ್ಚಿಟ್ಟಳು. ಇಂಜಿನ್ ಎತ್ತೋದು ಹೇಗೆ? ಬಾವಿಯಿಂದ ಪಂಪು ಎತ್ತಲು ಅವಳ ಅಂಗಡಿಯಲ್ಲಿ ಮೂರು ಕಾಲಿನ ಕಂಬ, ಚೈನ್ ಪುಲ್ಲಿ ಇತ್ತಲ್ಲ, ಅದನ್ನೇ ಕೇಳಿ ತಂದಳು. ಅದು ಶೆಡ್ಡಿನೊಳಗೆ ಹಿಡಿಸಲಿಲ್ಲ. ಎಲ್ಲ ಅಳೆದವಳು ಶೆಡ್ಡಿನ ಎತ್ತರ ಅಳೆಯೋದನ್ನ ಮರೆತಿದ್ದಳು.

"ಬಾವೀಲಿ ಕೆಲಸ ಮಾಡೋರಿಗೆ ಮೇಲೆ ಆಕಾಶ ಇರುತ್ತೆ, ಶೆಡ್ಡಿಗೆ ತಗಡು ಇರುತ್ತೆ ತಾಯಿ" ಅಂದೆ.

"ನಗಬೇಡಪ್ಪಾ. ಅಂಗಳದಲ್ಲಿ ಎತ್ತೋಣ" ಅಂದಳು.

ಇದೆಲ್ಲ ನಡೆಯುವಾಗ ನನ್ನ ಹೆಂಡತಿ ಶೆಡ್ಡಿನ ಮೂಲೆಯಲ್ಲಿ ಮೋಟು ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ಅವಳ ಕಣ್ಣು ಬರಬರುತ್ತಾ ಮಂಜಾಗಿ, ಈಗ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದು. ಮನೆಯ ಕೆಲಸ ಒಂದೊಂದಾಗಿ ಅವಳ ಕೈ ಬಿಟ್ಟಿತು. ಒಲೆ ಮಗಳಿಗೆ ಹೋಯಿತು, ಸೂಜಿ ದಾರ ಪೆಟ್ಟಿಗೆಗೆ ಹೋಯಿತು. ಗೇಟೊಂದನ್ನು ಮಾತ್ರ ಅವಳು ಯಾರಿಗೂ ಕೊಟ್ಟಿಲ್ಲ. ನಾನು ಬಂದು ಗೇಟಿನ ಮುಂದೆ ನಿಲ್ಲಿಸುತ್ತೇನೆ. ಅವಳು ಗೋಡೆ ಹಿಡಿದುಕೊಂಡು ಬಂದು ಚಿಲಕ ತೆಗೆದು, ಎರಡು ಬಾಗಿಲನ್ನೂ ಸರಿಸಿ, ಒಂದರ ಹಿಂದೆ ನಿಲ್ಲುತ್ತಾಳೆ. ಗೇಟಿನಿಂದ ಶೆಡ್ಡಿಗೆ ಇಳಿಜಾರು. ಇಂಜಿನ್ ಆರಿಸಿಕೊಂಡು ಹಾಗೇ ಉರುಳಿ ಒಳಗೆ ಬರುತ್ತೇನೆ. ನಡುವೆ ನಾನು ಇಳಿದು ಗೇಟು ತೆಗೆಯಲು ಹೋದರೆ ಆ ದಿನ ಅವಳು ನನ್ನ ಜೊತೆ ಮಾತಾಡುವುದಿಲ್ಲ.

ಒಂದು ಸಂಜೆ ರಟ್ಟಿನ ಮೇಲಿನ ಬೋಲ್ಟುಗಳನ್ನು ಬೆರಳಲ್ಲಿ ಸವರುತ್ತಾ ಕೇಳಿದಳು, "ಎಲ್ಲ ಸರಿ ಪುಟ್ಟೀ. ಇಂಜಿನ್ನೇ ಬೇರೆ ಆದಮೇಲೆ ನಿಮ್ಮಪ್ಪ ಬಂದದ್ದು ನನಗೆ ಹೇಗೆ ಗೊತ್ತಾಗಬೇಕು?"

ಮಗಳ ಕೈ ನಿಂತಿತು.

"ಹಾರನ್ ಹೊಡೀತೀನಿ ಬಿಡೇ" ಅಂದೆ.

"ಹಾರನ್ನು ದಾರೀಲಿ ಹೋಗೋರೆಲ್ಲ ಹೊಡೀತಾರೆ. ಅವರಿಗೆಲ್ಲ ನಾನು ಗೇಟು ತೆಗೀಲಾ?"

ಮಗಳು ಮರುದಿನ ಅಮ್ಮನನ್ನು ಮೆಟ್ಟಿಲ ಮೇಲೆ ಕೂರಿಸಿ, "ನಿನಗೆ ಯಾವ ಸದ್ದು ಬೇಕೋ ಅದನ್ನ ಹುಡುಕೋಣಮ್ಮ. ಸಿಕ್ಕರೆ ಇಟ್ಕೊಳೋಣ" ಅಂದಳು. ನನಗೆ, ಕಾರನ್ನು ರಸ್ತೆಯ ತಿರುವಿನವರೆಗೆ ಓಡಿಸಿಕೊಂಡು ಹೋಗಿ ಬಾ ಅಂದಳು.

ಮೊದಲು ಹೇಗಿತ್ತೋ ಹಾಗೇ ಬಂದೆ. "ಇವರೇ" ಅಂದಳು ಹೆಂಡತಿ. ಅಲುಗಾಡುವ ಸೈಲೆನ್ಸರಿಗೆ ಮಗಳು ತಂತಿ ಬಿಗಿದಳು. ಮತ್ತೆ ಬಂದೆ. "ಇವರೇ." ಗಡಗಡ ಅನ್ನುವ ಬಾನೆಟ್ಟಿಗೆ ಬಟ್ಟೆ ತುರುಕಿದಳು. "ಅಯ್ಯೋ, ಇವರೇ ಕಣೇ, ಎಷ್ಟು ಸಲ ಹೇಳಲಿ." ಆಮೇಲೆ ಮಗಳಿಗೆ ಏನು ತೋಚಿತೋ, ಕಿಟಕಿಗೆ ಬಾಗಿ ನನ್ನ ಕಿವಿಯಲ್ಲಿ ಹೇಳಿದಳು, "ಅಪ್ಪಾ, ಈ ಸಲ ಕೊನೇಲಿ ರೇಸ್ ಕೊಡಬೇಡ. ಸುಮ್ಮನೆ ಆರಿಸು."

ನಾನು ರೇಸ್ ಕೊಡುತ್ತೇನೆ ಅನ್ನೋದೇ ನನ್ನ ಗಮನದಲ್ಲಿ ಇರಲಿಲ್ಲ. ಹಳೇ ಡ್ರೈವರುಗಳೆಲ್ಲ ಹಾಗೇ. ಆರಿಸುವ ಮುಂಚೆ ಎರಡು ಸಲ ಆಕ್ಸಿಲರೇಟರ್ ಒತ್ತಿ ಗುರ್, ಗುರ್ ಅನ್ನಿಸಿ ಕೀ ತಿರುಗಿಸಿದರೆ ಮುಂದಿನ ಸಲ ಬೇಗ ಸ್ಟಾರ್ಟ್ ಆಗುತ್ತೆ ಅಂತ ಒಂದು ನಂಬಿಕೆ. ಕಾಲಿಗೆ ಅಂಟಿಕೊಂಡ ಚಟ.

ರೇಸ್ ಕೊಡದೆ ಆರಿಸಿದೆ. ಮೆಟ್ಟಿಲ ಮೇಲೆ ಅವಳು ಕತ್ತು ಓರೆ ಮಾಡಿದಳು.

"ಅಮ್ಮಾ?"

"ಇದು ಯಾರೋ" ಅಂದಳು.

ಮಗಳು ಕುಣಿದುಬಿಟ್ಟಳು. "ಇಂಜಿನ್ನಲ್ಲ ಅಪ್ಪಾ, ನಿನ್ನ ಕಾಲು! ಅಮ್ಮನಿಗೆ ಗೊತ್ತಿರೋದು ನಿನ್ನ ಕಾಲು!"

ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನನಗೆ ಎಲ್ಲಿ ನೋಡಬೇಕು ಅಂತ ತಿಳಿಯಲಿಲ್ಲ. ಬಾನೆಟ್ಟಿನ ಬಟ್ಟೆ ಕಿತ್ತು ಕನ್ನಡಿ ಒರೆಸುತ್ತಾ ನಿಂತೆ.

ಇನ್ನೇನು ಅಡ್ಡಿ? ಹೊಸ ಇಂಜಿನ್ ಅಂಗಳದ ಹಲಗೆಯ ಮೇಲೆ ಸಜ್ಜಾಯಿತು. ಮಗಳು ಪ್ರತಿ ಪಿಸ್ಟನ್ನಿಗೂ ಎಳೇ ಕೂಸಿಗೆ ಹಚ್ಚುವ ಹಾಗೆ ಎಣ್ಣೆ ಹಚ್ಚಿ ಒಳಗಿಳಿಸಿದಳು. ಹಳೆಯದನ್ನು ಎತ್ತಿದ ದಿನ ಚೈನು ಹಿಡಿದವನು ನಾನು. ಬರಿದಾದ ಬಾನೆಟ್ಟಿನೊಳಗೆ ನೋಡಿದೆ. ಹಲ್ಲು ಕಿತ್ತ ಬಾಯಿಯ ಹಾಗಿತ್ತು.

ಕಲಿಯಲು ಆಗುತ್ತೆ ಅಂತ ಅವಳು ಹಳೇ ಇಂಜಿನ್ನಿನ ಹೆಡ್ಡನ್ನೂ, ಅಂದರೆ ಅದರ ಮೇಲಿನ ಮುಚ್ಚಳವನ್ನೂ, ಬಿಚ್ಚಿದಳು. ಪಿಸ್ಟನ್ ಓಡಾಡುವ ಬೋರಿನೊಳಗೆ ಬೆರಳಾಡಿಸಿದಳು. ಆಮೇಲೆ ನನ್ನ ಬೆರಳು ಹಿಡಿದು ಅಲ್ಲಿಟ್ಟಳು. ಗೋಡೆಯ ಉದ್ದಕ್ಕೂ ಗೀರು.

"ಅಪ್ಪಾ, ಆರಿಸೋ ಹೊತ್ತಿಗೆ ರೇಸ್ ಕೊಟ್ಟರೆ ಉರಿಯದ ಪೆಟ್ರೋಲು ಇಲ್ಲೇ ಉಳಿಯುತ್ತೆ. ಗೋಡೇಲಿರೋ ಆಯಿಲ್ಲನ್ನ ತೊಳೆದುಹಾಕುತ್ತೆ. ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ಒಣ ಗೋಡೆಗೆ ಪಿಸ್ಟನ್ ಉಜ್ಜುತ್ತೆ. ವಯಸ್ಸಾಗಿ ಸವೆದದ್ದೂ ಇದೆ. ಆದರೆ ಇದೂ ಇದೆ."

ಇಬ್ಬರೂ ಮನೆಯ ಕಡೆ ನೋಡಿದೆವು. ಒಳಗೆ ಹೆಂಡತಿ ಏನೋ ಗುನುಗುತ್ತಿದ್ದಳು.

"ಹೊಸದಕ್ಕೆ ಕೊಡಲ್ಲ ಬಿಡು" ಅಂದೆ. ಮಗಳು ಮೊದಲನೇ ಸಲ ಕೈಯಾರೆ ಮಾಡಿದ ಇಂಜಿನ್. ಅದನ್ನು ಗೀರೋ ಕಾಲು ನನ್ನದಾಗಬಾರದು.

"ಅಮ್ಮನಿಗೆ ಹೊಸ ಸದ್ದು ಅಭ್ಯಾಸ ಆಗುತ್ತೆ" ಅಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಇಂಜಿನ್ ಕೂತಿತು. ಕೀ ತಿರುಗಿಸಿದರೆ ಬೆಕ್ಕು ಮಲಗಿದ ಹಾಗೆ ಸದ್ದು. ಮಗಳು ಮಸಿ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಮಸಿ ಮಾಡಿಕೊಂಡಳು. "ಪೇಟೆವರೆಗೆ ಹೋಗಿ ಬಾ ಅಪ್ಪಾ. ಜೋರು ಬೇಡ. ಹೊಸ ರಿಂಗು."

ಹೋದೆ. ಏರಿನಲ್ಲಿ ಹಿಂದೆ ತಿರುಗಿ ನೋಡಿದೆ, ಹೊಗೆಯೇ ಇಲ್ಲ. ಬರುವಾಗ ನಮ್ಮ ರಸ್ತೆಯ ತಿರುವು ದಾಟುತ್ತಿದ್ದ ಹಾಗೆ ಹೆಂಡತಿ ಕಾಣಿಸಿದಳು. ಗೇಟಿನ ಒಳಗೆ, ಚಿಲಕದ ಮೇಲೆ ಕೈಯಿಟ್ಟು, ರಸ್ತೆಗೆ ಕಿವಿ ಕೊಟ್ಟು ನಿಂತಿದ್ದಾಳೆ. ತಲೆ ಬಾಚಿಕೊಂಡಿದ್ದಾಳೆ. ಗೇಟಿನ ಮುಂದೆ ನಿಲ್ಲಿಸಿ, ಕಾಲನ್ನು ಹಿಂದಕ್ಕೆಳೆದುಕೊಂಡು, ಸುಮ್ಮನೆ ಆರಿಸಿದೆ.

ಅವಳು ಅಲುಗಾಡಲಿಲ್ಲ. ನನ್ನನ್ನು ದಾಟಿ ತಿರುವಿನ ಕಡೆಗೇ ಮುಖ. ಇಬ್ಬರ ನಡುವೆ ಒಂದು ಗೇಟು, ಅಷ್ಟೇ. ಹಾರನ್ ಒಂದು ಸಲ ಮೆಲ್ಲಗೆ ಒತ್ತಿದೆ.

"ಪುಟ್ಟೀ" ಅಂತ ಒಳಗೆ ಕೂಗಿದಳು, "ಯಾರೋ ನಮ್ಮ ಗೇಟಿಗೆ ಅಡ್ಡ ನಿಲ್ಲಿಸಿದ್ದಾರೆ ನೋಡು, ಹಾರನ್ ಬೇರೆ ಹೊಡೀತಾರೆ. ನಿಮ್ಮಪ್ಪ ಬರೋ ಹೊತ್ತು. ಗಾಡಿ ತೆಗೆಯೋಕೆ ಹೇಳು."

ನಾನು ಬಾಯಿ ತೆರೆದಿದ್ದರೆ ಮುಗಿಯುತ್ತಿತ್ತು. ಆದರೆ ನಾನೇ ಕಣೇ ಅಂದರೆ ಆ ಮುಖ ಏನಾಗುತ್ತೆ ಅಂತ ಯೋಚನೆ ಬಂತು. ಸ್ಟೀರಿಂಗ್ ಹಿಡಿದುಕೊಂಡು ಕೂತುಬಿಟ್ಟೆ.

ಮಗಳು ಶೆಡ್ಡಿನ ಬಾಗಿಲಲ್ಲಿ ಎಲ್ಲ ನೋಡುತ್ತಾ ನಿಂತಿದ್ದಳು. ಕಾಂಪೌಂಡಿನ ಮೋಟು ಗೋಡೆ ಹತ್ತಿ ಹಾರಿ ಹೊರಗೆ ಬಂದಳು. ಕಿಟಕಿಗೆ ಬಾಗಿ ಪಿಸುಮಾತಿನಲ್ಲಿ, "ತಿರುವಿಗೆ ಹೋಗಿ ಮತ್ತೆ ಬಾ ಅಪ್ಪಾ" ಅಂದಳು. "ಬಂದು ರೇಸ್ ಕೊಡು."

"ಬೋರು ಹೋಗುತ್ತಲ್ಲೇ. ನಿನ್ನ ಇಂಜಿನ್" ನಾನೂ ಪಿಸುಗುಟ್ಟಿದೆ.

"ಹೋದರೆ ಬಿಚ್ತೀನಿ. ಈಗ ನನಗೆ ಬರುತ್ತಲ್ಲ."

ಸದ್ದಿಲ್ಲದ ಹಾಗೆ ಹಿಂದಕ್ಕೆ ಹೋದೆ. ತಿರುಗಿಸಿಕೊಂಡು ಬಂದೆ. ಗೇಟಿನ ಮುಂದೆ ನಿಲ್ಲಿಸಿ ಒತ್ತಿದೆ. ಗುರ್. ಗುರ್.

ಎರಡನೆಯದು ಮುಗಿಯುವ ಮುಂಚೆ ಚಿಲಕ ಸರಿದ ಸದ್ದು. ಎರಡೂ ಬಾಗಿಲು ತೆರೆದು, ಒಂದರ ಹಿಂದೆ ನಿಂತುಕೊಂಡಳು. ನಾನು ಬ್ರೇಕು ಬಿಟ್ಟು ಉರುಳುತ್ತಾ ಅವಳ ಪಕ್ಕಕ್ಕೆ ಬಂದಾಗ ಹೇಳಿದಳು, "ಎಷ್ಟು ಹೊತ್ತು ಮಾಡಿದ್ರಿ. ಯಾರೋ ಅಡ್ಡ ನಿಂತಿದ್ದ. ಪಾಪ, ಸದ್ದೇ ಇಲ್ಲದ ಗಾಡಿ ಅವನದು. ಈಗ ತಾನೇ ಹೋದ."