ಬೆನ್ನ ಮೇಲಿನ ಚೋಮಿ

ಚೋಮಿ ಅತ್ತೆಯ ಹೊಸ ಜರ್ಸಿ ಬಿಚ್ಚಿ ನೋಡಿದಾಗ ನನಗೆ ಮೈಯೆಲ್ಲ ಉರಿಯಿತು. ಹೆಸರಿರಬೇಕಾದ ಜಾಗದಲ್ಲಿ ಈ ಭುಜದಿಂದ ಆ ಭುಜದವರೆಗೆ ವಿಚಿತ್ರ ಗುರುತುಗಳ ಮೆರವಣಿಗೆ: à²šà³‹à²®à²¿. ಮರುದಿನ ಬೆಳಿಗ್ಗೆಯೇ ಕುಟುಂಬ ಕುಟುಂಬಗಳ ನಡುವಿನ ಹಾಕಿ ಟೂರ್ನಿಯಲ್ಲಿ ನಮ್ಮ ಪಂದ್ಯ.

ಅತ್ತೆ ನಮ್ಮ ಗೋಲ್‌ಕೀಪರ್. ಐವತ್ತು ದಾಟಿದ್ದಾರೆ, ಮಂಡಿ ಮಾತು ಕೇಳುತ್ತಿಲ್ಲ. ಇದೇ ಕೊನೆಯ ವರ್ಷ ಎಂದಿದ್ದರು. ಕಾಲೇಜಿನ ಕಾಲದಿಂದ ಅವರು ತೊಟ್ಟಿದ್ದು ತಮ್ಮ ಅಣ್ಣನ, ಅಂದರೆ ನನ್ನ ಅಪ್ಪನ ಜರ್ಸಿ. ಅದರ ಮೇಲೆ ಅಜ್ಜಿ ದಾರದಲ್ಲಿ ಹೊಲಿದಿದ್ದ ‘ಅಶೋಕ್’. ಮುಖಕ್ಕೆ ಹೆಲ್ಮೆಟ್, ಬೆನ್ನಿಗೆ ಅಣ್ಣ. ಚೆಂಡು ತಡೆದಾಗಲೆಲ್ಲ ಜನ ಕೂಗಿದ್ದೂ ಅಶೋಕ್ ಎಂದೇ. ಒಮ್ಮೆಯಾದರೂ ತನ್ನ ಹೆಸರಿನಲ್ಲಿ ಆಡಬೇಕು, ಅದೂ ಕನ್ನಡದಲ್ಲೇ ಇರಬೇಕು ಎಂದು ಅತ್ತೆ ಆಸೆಪಟ್ಟಿದ್ದರು. ಕ್ಯಾಪ್ಟನ್ ಆದ ನಾನು ಮಾತು ಕೊಟ್ಟು, ಹೆಸರನ್ನು ಫೋನಿನಲ್ಲೇ ಅಂಗಡಿಗೆ ಮೆಸೇಜ್ ಮಾಡಿದ್ದೆ.

ಅತ್ತೆಯನ್ನು ಕರೆದುಕೊಂಡು ಮೂರ್ನಾಡಿನ ಪ್ರಿಂಟಿಂಗ್ ಅಂಗಡಿಗೆ ನುಗ್ಗಿದೆ.

“ಎಂತ ಮಾರಾಯ ಇದು? ಕಣ್ಣು ಬಿಟ್ಟು ನೋಡ್ಲಿಲ್ವಾ?”

ಅಂಗಡಿಯ ಮಿಲನ್ ತಲೆ ಕೆರೆದುಕೊಂಡ. “ಬೇರೆಯವ್ರದ್ದೆಲ್ಲ ಇಂಗ್ಲಿಷ್ ಅಲ್ವಾ ರಶ್ಮಿತಕ್ಕ, ಸರಿ ಬಂತು. ಇದೊಂದು ಡಿಸೈನ್ ಇರ್ಬೇಕು ಅಂತ ಒತ್ತಿಬಿಟ್ಟೆ.”

“ಗೋಲ್‌ಕೀಪರ್ ಬೆನ್ನಿಗೆ ಎಂತ ಡಿಸೈನ್, ನಿನ್ನ ತಲೆ!”

ಅವನು ಜರ್ಸಿಯನ್ನು ಮೇಜಿನ ಮೇಲೆ ಹರಡಿದ. ಸ್ವಲ್ಪ ಹೊತ್ತು ನೋಡಿ ನಕ್ಕ. ನನಗೆ ಇನ್ನೂ ಸಿಟ್ಟು ಬಂತು.

“ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲಕ್ಕ, ನಂಬರ್ ಮಾತ್ರ. ನಮ್ಮ ‘ಚ’ದ ನಂಬರ್ ಮೂರು ಸಾವಿರದ ಇನ್ನೂರ ಇಪ್ಪತ್ತಾರು. ಫೋನು ಅದನ್ನ ಮೂರು ತುಂಡು ಮಾಡಿ ಕಳಿಸ್ತದೆ. ಕೆಲವು ಕಡೆ ಎರಡೇ ತುಂಡು. ನನ್ನ ಹಳೇ ಡಿಟಿಪಿ ಫಾಂಟಲ್ಲಿ ಇದೇ ‘ಚ’ ಇಂಗ್ಲಿಷ್ ಝಡ್‌ನ ಜಾಗದಲ್ಲಿ ಕೂತಿತ್ತು. ಈ ಮೆಷಿನಿಗೆ ಮೂರನ್ನ ಸೇರಿಸಿ ಓದ್ಲಿಕ್ಕೆ ಬರಲ್ಲ. ಒಂದೊಂದು ತುಂಡೂ ಒಂದೊಂದು ಅಕ್ಷರ ಅಂದ್ಕೊಂಡಿದೆ. ನಿಮ್ಮ ಟೀಮಲ್ಲಿ ಏಳನೇ ನಂಬರ್ ಜರ್ಸಿ ಅಂದ್ರೆ ನೀವು, ಬೇರೆ ಟೀಮಲ್ಲಿ ಬೇರೆಯವರು. ಹಾಗೆ.”

“ಹಾಗಾದ್ರೆ ನನ್ನ ಹೆಸರು ಹೋಯ್ತಾ?” ಅತ್ತೆ ಮೆಲ್ಲಗೆ ಕೇಳಿದರು.

“ಎಲ್ಲಿಗೂ ಹೋಗಿಲ್ಲ ಆಂಟಿ. ನೋಡಿ.”

ನಾನು ಕಳಿಸಿದ್ದ ಮೆಸೇಜನ್ನು ಅವನು ತೆರೆಯಲೇ ಇಲ್ಲ. ಜರ್ಸಿಯ ಮೇಲಿದ್ದ ಗುರುತುಗಳನ್ನೇ ಒಂದೊಂದಾಗಿ ನೋಡಿ ಕಂಪ್ಯೂಟರಿಗೆ ಹಾಕಿದ. ಆಮೇಲೆ ಮೂರು ಮೂರು ಸೇರಿಸಿ ಓದು ಎಂದು ಅದಕ್ಕೆ ಆಜ್ಞೆ ಕೊಟ್ಟ. ಪರದೆಯ ಮೇಲೆ ಗುಂಡುಗುಂಡಾಗಿ ಕನ್ನಡ ಬಂತು: ಚೋಮಿ.

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ತಪ್ಪಾಗಿ ಅಚ್ಚಾದದ್ದರ ಒಳಗಿಂದ ಸರಿಯಾದ ಹೆಸರು ಒಂದು ಗೆರೆಯೂ ಮುಕ್ಕಾಗದೆ ಎದ್ದು ಬಂದಿತ್ತು. ಈ ನಂಬರಿನ ಲೆಕ್ಕವನ್ನು ಯೋಚಿಸಿ ಮಾಡಿದ ಪುಣ್ಯಾತ್ಮರು ಯಾರೋ, ಅವರಿಗೆ ಕೈಮುಗಿಯಬೇಕು ಅನ್ನಿಸಿತು.

“ಹಳೇದನ್ನ ಕಿತ್ತು ಇದನ್ನ ಒತ್ತಿಕೊಡ್ತೇನೆ,” ಎಂದ ಮಿಲನ್.

ಅತ್ತೆ ಅವನ ಕೈ ತಡೆದರು. ಆ ಗುರುತುಗಳ ಮೇಲೆ ಬೆರಳಾಡಿಸುತ್ತ ಅಂದರು: “ಕೀಳಬೇಡ ಮಗ. ಇದರ ಕೆಳಗೇ ಹಾಕು. ಇಷ್ಟು ವರ್ಷ ‘ಅಶೋಕ್’ ಒಳಗೆ ಆಡಿದ್ದೂ ನಾನೇ ಅಲ್ವಾ? ಓದೋರಿಗೆ ಗೊತ್ತಾಗ್ಲಿಲ್ಲ ಅಷ್ಟೆ.”

ಮಿಲನ್ ಮೆಷಿನ್ ಬಿಸಿ ಮಾಡಲು ಹೋದ.

ಮರುದಿನ ಪಂದ್ಯ ಸೋತೆವು. ಆದರೂ ಅತ್ತೆ ಒಂದು ಪೆನಾಲ್ಟಿ ಸ್ಟ್ರೋಕ್ ತಡೆದಾಗ ಗೋಲಿನ ಹಿಂದೆ ನಿಂತಿದ್ದವರು ಬೆನ್ನು ಓದಿ “ಚೋಮೀ!” ಎಂದು ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ಅಪ್ಪ.

ಆಟ ಮುಗಿದ ಮೇಲೆ ತೆಗೆದ ಟೀಮ್ ಫೋಟೋ ನಮ್ಮ ಹಜಾರದಲ್ಲಿದೆ. ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಿದ್ದೇವೆ. ಅತ್ತೆ ಒಬ್ಬರೇ ಬೆನ್ನು ಹಾಕಿ ನಿಂತಿದ್ದಾರೆ.