ಖಳನಾಯಕನ ಕನ್ನಡಕ

ಮಾವ ಕನ್ನಡಕ ತೆಗೆದರೆಂದರೆ ಯಾರಿಗೋ ಕಾದಿದೆ ಎಂದೇ ಅರ್ಥ. ಮೊದಲು ಒಂದು ಒಳ್ಳೆಯ ಮಾತು ಆಡುತ್ತಿದ್ದರು. ಆಮೇಲೆ ಕನ್ನಡಕ ಕಳಚಿ, ಗಾಜಿನ ಮೇಲೆ ಹಾ ಎಂದು ಉಸಿರು ಬಿಟ್ಟು, ಅಂಗಿಯ ಅಂಚಿನಿಂದ ನಿಧಾನವಾಗಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಮೂಗಿಗೇರಿಸಿ ‘ಆದರೆ’ ಎನ್ನುತ್ತಿದ್ದರು. ಡ್ರೈವಿಂಗ್ ಲೈಸೆನ್ಸ್ ಕೊಡುವ ಇನ್‌ಸ್ಪೆಕ್ಟರಾಗಿ ಅರ್ಧ ಊರನ್ನು ಹೀಗೆಯೇ ಫೇಲು ಮಾಡಿ ನಿವೃತ್ತರಾದವರು. ಆ ಕನ್ನಡಕವನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಫೇಲಾದವರಲ್ಲಿ ಅಳಿಯನೂ ಒಬ್ಬ. ಆಗಿನ್ನೂ ಅಳಿಯನಾಗಿರಲಿಲ್ಲ, ಅಷ್ಟೆ. “ಸ್ಟೀರಿಂಗ್ ಹಿಡಿತ ಚೆನ್ನಾಗಿದೆ,” ಎಂದಿದ್ದರು. ಹಾ. ಒರೆಸಿದರು, ಒರೆಸಿದರು. “ಆದರೆ ಕನ್ನಡಿ ನೋಡೋದೇ ಇಲ್ಲ.”

ಮದುವೆಯಾದ ಮೇಲೂ ಪರೀಕ್ಷೆ ಮುಗಿಯಲಿಲ್ಲ. ಅಳಿಯ ಸ್ಟುಡಿಯೊ ಒಂದರಲ್ಲಿ ಅನಿಮೇಟರ್. ಮಾವನ ಬಾಯಲ್ಲಿ ಅದು ‘ಗೊಂಬೆ ಕುಣಿಸೋ ಕೆಲಸ’. ಆ ಬಾಯಿಂದ ಒಂದೇ ಒಂದು ಸಲ ‘ಆದರೆ’ ಇಲ್ಲದ ಮಾತು ಕೇಳಬೇಕೆಂದು ಅವನು ಹಂಬಲಿಸುತ್ತಿದ್ದ.

ಹೊಸ ಸೂಪರ್‌ಹೀರೊ ಚಿತ್ರದಲ್ಲಿ ಹೀರೊನನ್ನು ಸ್ಟುಡಿಯೊದ ಹಿರಿಯರು ಹಂಚಿಕೊಂಡರು. ಇವನ ಪಾಲಿಗೆ ಬಂದದ್ದು ಖಳನಾಯಕ, ನಗರದ ಬೆಳಕನ್ನೆಲ್ಲ ಕದಿಯಲು ಹೊರಟ ಮುದಿ ವಿಜ್ಞಾನಿ. ಈ ಮುದುಕ ಕೋಪ ಬಂದರೆ ಹೇಗಿರುತ್ತಾನೆ ಎಂದು ತಲೆ ಕೆರೆದುಕೊಂಡು ಊಟಕ್ಕೆ ಕೂತವನಿಗೆ ಮೇಜಿನ ಆಚೆಯೇ ಉತ್ತರ ಕಾಣಿಸಿತು. ಹಾ. ಒರೆಸಿದರು, ಒರೆಸಿದರು. ಕಾರ್ಟೂನ್ ನೋಡುವ ಜಾತಿ ಅಲ್ಲ ಮಾವ, ಎಂಬ ಧೈರ್ಯದಲ್ಲಿ ಅದನ್ನು ಇದ್ದ ಹಾಗೇ ಎತ್ತಿಕೊಂಡ.

ಚಿತ್ರ ಮುಗಿಯುವ ಹೊತ್ತಿಗೆ ನಿರ್ದೇಶಕಿ ಎಲ್ಲರ ಮನೆಯವರಿಗೂ ಒಂದು ಪ್ರದರ್ಶನ ಇಟ್ಟಳು.

“ಅಪ್ಪನಿಗೂ ಹೇಳಿದೀನಿ. ಬರ್ತಾರಂತೆ,” ಎಂದಳು ಹೆಂಡತಿ.

“ಯಾಕೆ ಹೇಳಿದೆ ಮಹರಾಯ್ತಿ!”

“ಯಾವತ್ತಾದ್ರೂ ಗೊತ್ತಾಗೋದೇ. ಕತ್ತಲಲ್ಲೇ ಗೊತ್ತಾಗಲಿ, ಮುಖ ನೋಡೋದು ತಪ್ಪುತ್ತೆ.”

ಪರದೆಯ ಮೇಲೆ ಹೀರೊ ಹಾರಿದ, ಹೊಳೆದ, ಸೇತುವೆ ಎತ್ತಿದ. ಮಕ್ಕಳು ಸ್ವಲ್ಪ ಹೊತ್ತು ಬಾಯಿ ಬಿಟ್ಟುಕೊಂಡು ನೋಡಿ, ಆಮೇಲೆ ಮುಂದಿನ ಸೀಟನ್ನು ಒದೆಯತೊಡಗಿದವು. ಆಗ ಖಳನಾಯಕ ಬಂದು ಕನ್ನಡಕ ತೆಗೆದ. ಒದೆತ ನಿಂತಿತು. ಅದೇ ಗಳಿಗೆಗೆ, ಏನೋ ಮಸುಕಾಗಿ ಕಂಡಿತೆಂದು ಮಾವನೂ ತಮ್ಮದನ್ನು ತೆಗೆದರು. ಪರದೆಯ ಮೇಲೊಂದು ಹಾ, ಮೂರನೇ ಸಾಲಿನಲ್ಲೊಂದು ಹಾ.

“ಅಮ್ಮಾ, ಅವನು ಇಲ್ಲೇ ಕೂತಿದಾನೆ!” ಹಿಂದಿನಿಂದ ಒಂದು ಮಗು ಕಿರುಚಿತು.

ಅಳಿಯ ಸೀಟಿನಲ್ಲಿ ಜಾರಿ ಜಾರಿ ನೆಲ ಮುಟ್ಟುವಂತಾದ.

ಕೊನೆಗೆ ಹೀರೊ ಒಂದೇ ಏಟಿಗೆ ಕನ್ನಡಕ ಹಾರಿಸಿದ, ಖಳನಾಯಕ ಮಹಡಿಯ ಮೇಲೆ ಓಡಿದ, ಸಿಕ್ಕಿಬಿದ್ದ. ಅಷ್ಟರಲ್ಲಿ ಮಕ್ಕಳು ಚಪ್ಪಲಿ ಹುಡುಕುತ್ತಿದ್ದವು.

“ಏನು ಚೆನ್ನಾಗಿದೆ, ಏನು ಚೆನ್ನಾಗಿಲ್ಲ? ಮುಲಾಜಿಲ್ಲದೆ ಹೇಳಿ,” ಎಂದಳು ನಿರ್ದೇಶಕಿ. ಎಲ್ಲರೂ ಚೆನ್ನಾಗಿದೆ ಎಂದರು. ಮಾವ ಎದ್ದು ನಿಂತರು.

“ಬಣ್ಣ ಚೆನ್ನಾಗಿದೆ. ನಗು ಬರುತ್ತೆ. ಆ ಮುದುಕನಂತೂ ಬಹಳ ಚೆನ್ನಾಗಿದಾನೆ, ಸಭ್ಯಸ್ಥ.” ಜನ ಗೊಳ್ಳೆಂದರು. ಕನ್ನಡಕ ಹೊರಬಂತು. ಅಳಿಯ ಕಣ್ಣು ಮುಚ್ಚಿದ. “ಆದರೆ ನಿಮ್ಮ ಹೀರೊಗೆ ಸುಸ್ತಿಲ್ಲ, ಅನುಮಾನ ಇಲ್ಲ. ಗೆಲ್ತಾನೆ ಅಂತ ಟಿಕೆಟ್ ತಗೊಳ್ಳೋವಾಗಲೇ ಗೊತ್ತು. ಅದಿರಲಿ. ಕನ್ನಡಕ ಬಿದ್ದ ಮೇಲೆ ಮುದುಕ ಅಷ್ಟು ನೇರ ಹೇಗಮ್ಮಾ ಓಡಿದ? ಇದಿಲ್ದಿದ್ರೆ ನನಗೆ ನೀವೆಲ್ಲ ಒಂದು ಬೂದು ಮೋಡ.”

ನಿರ್ದೇಶಕಿ ಅಳಿಯನತ್ತ ತಿರುಗಿದಳು. ಆ ಓಟ ಅವನದೇ. ಅವನ ಕಣ್ಣು ಚೆನ್ನಾಗಿತ್ತು, ಹಾಗಾಗಿ ಇದು ತಲೆಗೆ ಹೊಳೆದೇ ಇರಲಿಲ್ಲ.

ಮನೆಗೆ ನಡೆಯುವಾಗ ಮಾವ ಬೀದಿಯ ಕೊನೆಯಲ್ಲಿ ನಿಂತರು.

“ಕೇಳದೇ ನನ್ನ ವಿಲನ್ ಮಾಡಿದ್ರಿ.”

“ತಪ್ಪಾಯ್ತು, ಮಾವ.”

“ಮಾಡಿದ್ದಕ್ಕಲ್ಲ ಅಳಿಯಂದ್ರೇ. ಅರ್ಧ ನೋಡಿ ಮಾಡಿದ್ದಕ್ಕೆ. ಕನ್ನಡಕ ಇರೋ ನನ್ನನ್ನ ಮಾತ್ರ ನೋಡಿದ್ರಿ.”

ಮರುದಿನ ಬೆಳಿಗ್ಗೆ ಅಳಿಯ ಮನೆಯಲ್ಲೇ ಕೊನೆಯ ದೃಶ್ಯದ ಚಿತ್ರಗಳನ್ನು ತಿದ್ದಲು ಹರಡಿಕೊಂಡು ಕೂತಿದ್ದಾಗ ಮಾವ ಬಂದರು. ಕನ್ನಡಕ ಮೇಜಿನ ಮೇಲಿಟ್ಟು “ನೋಡ್ಕೊಳ್ಳಿ,” ಎಂದು ಕೋಣೆಯ ಆ ಕಡೆಯಿಂದ ನಡೆದು ಬರತೊಡಗಿದರು. ಅಂಗೈ ಮುಂದೆ, ಕತ್ತು ಸ್ವಲ್ಪ ಓರೆ, ಕಾಲು ನೆಲ ಬಿಡದೆ. ಕುರ್ಚಿಗೆ ಡಿಕ್ಕಿ ಹೊಡೆದು “ಕ್ಷಮಿಸಿ,” ಎಂದು ಅದಕ್ಕೇ ಹೇಳಿದರು. ಅಳಿಯ ನಗುತ್ತಲೇ ಗೀಚಿದ. ಮಾವನ ಬೆರಳುಗಳು ಮೇಜಿಗೆ ಬಂದು, ಪುಸ್ತಕ ತಡವಿ, ಲೋಟ ತಡವಿ, ಕನ್ನಡಕದ ಪಕ್ಕದಲ್ಲೇ ಹಾದುಹೋದವು. ಅವನ ನಗು ನಿಂತಿತು. ಊರನ್ನೇ ನಡುಗಿಸಿದವರು ಈಗ ಚಿಕ್ಕವರಾಗಿ ಕಂಡರು. ಏನು ಮಾಡುತ್ತಿದ್ದೇನೆಂದು ಯೋಚಿಸದೆ ಕನ್ನಡಕ ಎತ್ತಿಕೊಂಡ, ಹಾ ಎಂದ, ಅಂಗಿಯ ಅಂಚಿನಿಂದ ಒರೆಸಿ ಆ ಕೈಗಿಟ್ಟ.

“ಅಪ್ಪನ ಕನ್ನಡಕ ಮುಟ್ಟಿದ್ರಾ!” ಬಾಗಿಲಲ್ಲಿ ಹೆಂಡತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಮಾವ ಅದನ್ನು ಬೆಳಕಿಗೆ ಹಿಡಿದರು. ಮೂಗಿಗೇರಿಸಿದರು.

“ನಿಮ್ಮ ಹೀರೊ ಹೊಡೆದಾದ ಮೇಲೆ ಇದನ್ನ ಮಾಡಲಿ. ಆಗ ಅವನೂ ಮನುಷ್ಯ ಅಂತ ಒಪ್ಕೋತೀನಿ. ಚೆನ್ನಾಗಿ ಒರೆಸಿದೀರಿ.”

ಅಳಿಯ ‘ಆದರೆ’ಗಾಗಿ ಕಾದ. ಮಾವನ ಕೈ ಕನ್ನಡಕಕ್ಕೆ ಹೋಯಿತು. ಕಳಚಿದರು. ಉಸಿರೂದಲಿಲ್ಲ, ಒರೆಸಲಿಲ್ಲ; ಅವನ ಕೈಗೇ ಕೊಟ್ಟು, ಕುರ್ಚಿಯನ್ನು ಮತ್ತೆ ದಾರಿಗೆ ಅಡ್ಡ ಎಳೆದರು.

“ಹಿಡ್ಕೊಳ್ಳಿ. ಇನ್ನೊಂದು ಸಲ ನಡೀತೀನಿ. ಈ ಸಲ ಮೊಣಕಾಲು ನೋಡ್ಕೊಳ್ಳಿ.”