ಸಿಗದ ಸೂಜಿತುದಿ

ಯಶವಂತಪುರದ ನಮ್ಮ ಗಾರ್ಮೆಂಟ್ಸ್‌ನಲ್ಲಿ ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ ಒಪ್ಪಿಸಬೇಕು, ಆಮೇಲೆಯೇ ಹೊಸ ಸೂಜಿ. ಆ ವಾರ ಆಂಧ್ರದ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗಾಗಿ ಎಲ್ಲರೂ ಒಂದು ದಿನದ ಸಂಬಳ ಬಿಟ್ಟುಕೊಟ್ಟಿದ್ದೆವು. ಶಿಫ್ಟ್ ಮುಗಿದ ಮೇಲೂ ಕೂತು, ಕಂಪನಿ ಕೊಟ್ಟ ಬಟ್ಟೆಯಲ್ಲಿ ಮಕ್ಕಳ ಫ್ರಾಕು ಹೊಲಿಯುತ್ತಿದ್ದೆವು. ಶನಿವಾರ ನನ್ನ ಸೂಜಿ ಮುರಿಯಿತು. ತುದಿ ಸಿಗಲಿಲ್ಲ. ಬೈಗುಳಕ್ಕೆ ಹೆದರಿ, ಬಚ್ಚಿಟ್ಟುಕೊಂಡಿದ್ದ ಇನ್ನೊಂದು ಸೂಜಿ ಹಾಕಿ ಸುಮ್ಮನಾದೆ.

ಭಾನುವಾರ ಮಗಳಿಗೆ ಬಟ್ಟೆ ತೊಡಿಸುವಾಗ, ಆ ತುದಿ ಯಾವುದೋ ಫ್ರಾಕಿನೊಳಗೇ ಉಳಿದಿರಬಹುದೆಂದು ಹೊಳೆಯಿತು. ಎಲ್ಲೋ ಒಂದು ಮಗು ಹೀಗೇ ಫ್ರಾಕು ತೊಟ್ಟು ಚೀರುತ್ತದೆ. ಯಾಕೆಂದು ತಾಯಿಗೂ ಗೊತ್ತಾಗುವುದಿಲ್ಲ.

ಸೋಮವಾರ ಬೆಳಿಗ್ಗೆ ಫ್ರಾಕಿನ ಗಂಟುಗಳು ಲಾರಿ ಏರಿದ್ದವು. ಸೂಪರ್‌ವೈಸರ್ ನರಸಿಂಹಯ್ಯನವರಿಗೆ ಎಲ್ಲ ಹೇಳಿಬಿಟ್ಟೆ.

"ಫಾರಿನ್ ಮಾಲಾಗಿದ್ರೆ ಎಲ್ಲಾ ಬಿಚ್ಚಿಸ್ತಿದ್ದೆ ತಾಹೆರಾ. ಇದು ದಾನದ್ದು, ಯಾರ್ ಕೇಳ್ತಾರೆ? ಹೋಗಮ್ಮ, ಕೆಲ್ಸ ನೋಡು."

ಲಾರಿ ಸ್ಟಾರ್ಟ್ ಆಯಿತು. ನನ್ನ ಹೆದರಿಕೆ ಯಾವಾಗ ಸಿಟ್ಟಾಯಿತೋ ಕಾಣೆ. ಓಡಿಹೋಗಿ ಗಂಟೊಂದರಿಂದ ಫ್ರಾಕು ಎಳೆದು ತಂದು ಅವರ ಕೈಗಿಟ್ಟೆ.

"ಹಂಗಾದ್ರೆ ಇದನ್ನ ನಿಮ್ಮ ಮೊಮ್ಮಗಳಿಗೆ ಹಾಕಿ ಸಾರ್."

ಅವರು ಹೊಲಿಗೆಯ ಮೇಲೆ ಬೆರಳಾಡಿಸಲು ಹೋದರು. ತಾಗುವ ಮೊದಲೇ ಬೆರಳು ಹಿಂದಕ್ಕೆ ಬಂತು.

"ಲಾರಿ ನಿಲ್ಸೋ!" ಎಂದು ಕೂಗಿದರು.